ಓದಲು ತಮಿಳು, ಮಾತಿಗೆ ಕನ್ನಡ: ಸೇಲಂ–ಧರ್ಮಪುರಿಯ ಫೋನುಗಳಲ್ಲಿ ಏನು ನಡೆಯುತ್ತಿದೆ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಸಾವಿರಾರಿವೆ. ಮಗ್ಗದ ಕಸುಬಿನ ದೇವಾಂಗರಲ್ಲಿ ಒಂದು ದೊಡ್ಡ ಪಾಲು, ಮೆಟ್ಟೂರು–ಕೊಳತ್ತೂರು ಕಡೆಯ ಲಿಂಗಾಯತರು, ಧರ್ಮಪುರಿ ಸುತ್ತಿನ ಒಕ್ಕಲಿಗರು, ಕುರುಬರು ಇವರೆಲ್ಲ ಆ ಲೆಕ್ಕದಲ್ಲಿ ಬರುತ್ತಾರೆ. ಆದರೆ ಇವರಲ್ಲಿ ಬಹುಪಾಲು ಜನ ಶಾಲೆಯಲ್ಲಿ ತಿದ್ದಿದ್ದು ತಮಿಳು ಅಕ್ಷರ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಲಗ್ನಪತ್ರಿಕೆ ಎಲ್ಲವೂ ತಮಿಳಿನಲ್ಲೇ. ಅಜ್ಜಿಯ ಜೊತೆ ನಿರರ್ಗಳವಾಗಿ ಕನ್ನಡ ಆಡುವ ಹುಡುಗಿಗೆ ಕನ್ನಡದಲ್ಲಿ ಅವಳ ಹೆಸರನ್ನೇ ಬರೆದು ತೋರಿಸಿದರೆ ಓದಲು ಬರುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಕನ್ನಡ ಬೆಳೆದ ಬಗೆಯನ್ನು ನಾವು ಹೇಳುವುದು ಅಕ್ಷರದ ಕಥೆಯಾಗಿ: ಬರಹ, ನುಡಿ ಎಂಬ ತಂತ್ರಾಂಶಗಳು, ಯೂನಿಕೋಡ್, ವಿಕಿಪೀಡಿಯ. ಆ ಕಥೆಯಲ್ಲಿ ಸೇಲಂನ ಕನ್ನಡಿಗರು ಎಲ್ಲೂ ಬರುವುದಿಲ್ಲ, ಏಕೆಂದರೆ ಅದರ ಬಾಗಿಲಲ್ಲಿ ಲಿಪಿ ನಿಂತಿತ್ತು. ಅವರು ಒಳಗೆ ಬಂದದ್ದು ತೀರಾ ಈಚೆಗೆ, ದನಿಯ ಮೂಲಕ. ಆ ದಾರಿ ಹೇಗೆ ತೆರೆಯಿತು, ಈಗ ಅದರಲ್ಲಿ ಏನೇನು ಓಡಾಡುತ್ತಿದೆ, ಏನು ಕಳೆದುಹೋಗುತ್ತಿದೆ ಎಂಬುದನ್ನು ತಿಳಿಯಲು ಆ್ಯಪ್‌ಗಳ ಒಳಗಿನ ಕೆಲವು ಏರ್ಪಾಡುಗಳನ್ನು ಬಿಚ್ಚಿ ನೋಡಬೇಕು.

ಈ ಕನ್ನಡ ನಿನ್ನೆ ಮೊನ್ನೆ ವಲಸೆ ಬಂದದ್ದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬ ಅರಸರ ಕಾಲದ ಕನ್ನಡ ಶಾಸನಗಳು ಅಲ್ಲಿ ಸಿಕ್ಕಿವೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡುವವರೆಗೂ ಈ ಸೀಮೆ ಮೈಸೂರಿನ ಆಡಳಿತದಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೇಲಂ ಜಿಲ್ಲೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಅದರಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದವು. 2011ರ ಜನಗಣತಿಯಲ್ಲಿ ಇಡೀ ತಮಿಳುನಾಡಿನಲ್ಲಿ ಕನ್ನಡ ತಾಯ್ನುಡಿಯವರು 12 ಲಕ್ಷಕ್ಕೂ ಹೆಚ್ಚು. 2006ರ ತಮಿಳು ಕಲಿಕಾ ಕಾಯ್ದೆ ಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗೆ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಕನ್ನಡ ಲಿಪಿ ಕಲಿಯುವ ಅವಕಾಶ ಮೊದಲೇ ಕಡಿಮೆಯಿತ್ತು, ಆಮೇಲೆ ಇನ್ನೂ ಕುಗ್ಗಿತು.

ಲಿಪಿಯ ತಡೆ

ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೂ ತಮಿಳಿಗೂ 128 ಮನೆಗಳ ಒಂದೊಂದು ಸಾಲು ಸಿಕ್ಕಿತು. ಭಾರತದ ಹಳೆಯ ಇಸ್ಕಿ ಮಾನದಂಡವನ್ನು ಅನುಸರಿಸಿ ಎರಡನ್ನೂ ಒಂದೇ ಅಚ್ಚಿನಲ್ಲಿ ಜೋಡಿಸಿದರು. ತಮಿಳಿನ ‘ಕ’ 2965ನೇ ಮನೆಯಲ್ಲಿದೆ, ಕನ್ನಡದ ‘ಕ’ 3221ರಲ್ಲಿ. ಸರಿಯಾಗಿ 256ರ ಅಂತರ. ಕನ್ನಡದಲ್ಲಿ ಮುಂದಿನ ಮೂರು ಮನೆಗಳಲ್ಲಿ ಖ, ಗ, ಘ ಕೂತಿವೆ. ತಮಿಳಿನಲ್ಲಿ ಅದೇ ಮೂರು ಮನೆ ಖಾಲಿ. ತಮಿಳು ಲಿಪಿಗೆ ಆ ಅಕ್ಷರಗಳು ಬೇಕಿಲ್ಲ. ಉಚ್ಚಾರವನ್ನು ಓದುವವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ.

ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದಾಗ ತೊಂದರೆ ಶುರುವಾಗುವುದು ಈ ಖಾಲಿ ಮನೆಗಳಿಂದ. ಗಾಳಿ ಮತ್ತು ಕಾಳಿ, ಬಾಳು ಮತ್ತು ಪಾಳು ಬರವಣಿಗೆಯಲ್ಲಿ ಒಂದೇ ಆಗುತ್ತವೆ. ಮನೆಯವರಿಗೆ ಅರ್ಥವಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಅಕ್ಷರದ ಸಂಖ್ಯೆ ತಮಿಳಿನ ಸಾಲಿನದಾದರೆ ಹುಡುಕುವ ಯಂತ್ರ ಅದನ್ನು ತಮಿಳೆಂದೇ ಎಣಿಸಲು ಹೊರಡುತ್ತದೆ; ತಮಿಳಿನ ಪದಕೋಶದಲ್ಲಿ ಆ ಪದ ಸಿಗದೆ ಹೋದಾಗ ತಪ್ಪು ಕಾಗುಣಿತವೆಂದು ತಿಳಿದು ಬೇರೆ ಪದ ಸೂಚಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕೂ ಹೆಚ್ಚುಕಡಿಮೆ ಇದೇ ಗತಿ. ಹೀಗಾಗಿ ಈ ಜಿಲ್ಲೆಗಳ ಜನ ವರ್ಷಗಟ್ಟಲೆ ಬರೆದ ಕನ್ನಡ ಸಂದೇಶಗಳು ಕನ್ನಡದ ಖಾತೆಗೆ ಸೇರಲೇ ಇಲ್ಲ.

ತಮಿಳು ಅಕ್ಷರದಲ್ಲಿ ಕನ್ನಡ ಬರೆಯುವುದು ಹೊಸ ಅಭ್ಯಾಸವೇನಲ್ಲ. ಕರ್ನಾಟಕ ಸಂಗೀತದ ತಮಿಳು ಪುಸ್ತಕಗಳಲ್ಲಿ ಪುರಂದರದಾಸರ ದೇವರನಾಮಗಳು ಹೀಗೆಯೇ ಅಚ್ಚಾಗಿವೆ. ಕ ಅಕ್ಷರದ ಪಕ್ಕ ಸಣ್ಣದಾಗಿ 2, 3, 4 ಹಾಕಿ ಖ, ಗ, ಘ ಎಂದು ತೋರಿಸುತ್ತಾರೆ. ವಿನೋದ್ ರಾಜನ್ ರೂಪಿಸಿದ ‘ಅಕ್ಷರಮುಖ’ ಎಂಬ ಉಚಿತ ಸಾಧನ ಈಗ ಇದೇ ಕ್ರಮದಲ್ಲಿ ಕನ್ನಡ ಲಿಪಿಯ ಬರಹವನ್ನು ಕ್ಷಣದಲ್ಲಿ ತಮಿಳು ಲಿಪಿಗೆ ತಿರುಗಿಸುತ್ತದೆ. ಕನ್ನಡ ಬಲ್ಲ ಆದರೆ ಓದಲಾರದ ಒಬ್ಬರಿಗೆ ಬೆಂಗಳೂರಿನಿಂದ ಬಂದ ಪತ್ರವನ್ನೋ ವಚನವನ್ನೋ ಅಂಟಿಸಿ ಓದಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಕಲಿಯಬೇಕೆನ್ನುವವರಿಗೆ ಜಿಬೋರ್ಡ್ ಕೀಲಿಮಣೆ ನೆರವಾಗುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸುವಾಗ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಬಗೆಯನ್ನು ಆರಿಸಿಕೊಳ್ಳಬೇಕು. ಒತ್ತಿದ ಪದ ತಾನಾಗಿ ಕನ್ನಡ ಅಕ್ಷರವಾಗುತ್ತ ಹೋಗುವುದನ್ನು ನೋಡುತ್ತ ಲಿಪಿ ಗುರುತಾಗುತ್ತದೆ. ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಬರೆದುಕೊಡುವ ಸೌಲಭ್ಯವನ್ನು ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡ, ತಮಿಳು ಸೇರಿದಂತೆ 8 ಭಾರತೀಯ ಭಾಷೆಗಳಿಗೆ ಕೊಟ್ಟಿತು. ಆದರೆ ಆ ಯಂತ್ರ ಕಲಿತದ್ದು ಹೆಚ್ಚಾಗಿ ಕರ್ನಾಟಕದ ಕನ್ನಡ. ತಮಿಳು ಪದಗಳನ್ನು ಸಹಜವಾಗಿ ಬೆರೆಸಿ ಆಡುವ ಇಲ್ಲಿನ ಮಾತಿನಲ್ಲಿ ಅದು ಎಡವುತ್ತದೆ. ಚಿಕ್ಕ ವಾಕ್ಯಗಳಾಗಿ, ನಡುನಡುವೆ ನಿಲ್ಲಿಸಿ ಹೇಳಿದರೆ ತಪ್ಪು ಕಡಿಮೆಯಾಗುತ್ತದೆ.

ದನಿ ಬಂದಾಗ

2000ದ ದಶಕದಲ್ಲಿ ಅಂತರ್ಜಾಲದ ಬಳಗ ಎಂದರೆ ಬರೆಯಬಲ್ಲವರ ಬಳಗ. ಯಾಹೂ ಗುಂಪುಗಳು, 2004ರಲ್ಲಿ ಶುರುವಾದ ಆರ್ಕುಟ್, ಆಮೇಲೆ ಫೇಸ್‌ಬುಕ್. ಅಪರಿಚಿತರು ಒಂದು ಆಸಕ್ತಿಯ ಸುತ್ತ ಸೇರುತ್ತಿದ್ದರು, ಬರೆದದ್ದನ್ನು ಯಾರು ಬೇಕಾದರೂ ಓದಬಹುದಿತ್ತು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗುಂಪುಗಳು 2020ರ ಡಿಸೆಂಬರ್‌ನಲ್ಲಿ ಹೋದವು.

ಅಷ್ಟರಲ್ಲಿ ಎರಡು ಸಂಗತಿ ನಡೆದಿದ್ದವು. 2013ರ ಆಗಸ್ಟ್‌ನಲ್ಲಿ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ತಂದಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಗಿ ಡೇಟಾ ಬೆಲೆ ಕುಸಿಯಿತು. ಧ್ವನಿ ಸಂದೇಶದ ಏರ್ಪಾಡು ಸರಳ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತು ದಾಖಲಾಗುತ್ತದೆ. ಮನುಷ್ಯರ ಮಾತಿಗೆ ಹೊಂದುವ ಓಪಸ್ ಎಂಬ ವಿಧಾನದಿಂದ ಅದು ಕುಗ್ಗುತ್ತದೆ. ಒಂದು ನಿಮಿಷದ ಮಾತಿನ ಗಾತ್ರ ಫೋನಿನ ಕ್ಯಾಮೆರಾ ತೆಗೆದ ಒಂದು ಫೋಟೊಗಿಂತ ಬಹಳ ಚಿಕ್ಕದು. ಸಿಗ್ನಲ್ ದುರ್ಬಲವಿರುವ ಪೆನ್ನಾಗರಂ ಕಡೆಯ ಊರಿನಿಂದಲೂ ಅದು ತಲುಪುತ್ತದೆ. ಕರೆಯ ಹಾಗೆ ಆ ಕಡೆಯವರು ಆಗಲೇ ಎತ್ತಿಕೊಳ್ಳಬೇಕೆಂದಿಲ್ಲ. ಮಗ್ಗ ನಿಲ್ಲಿಸಿದಾಗ, ಊಟದ ಹೊತ್ತಿನಲ್ಲಿ ಕೇಳಿಕೊಳ್ಳಬಹುದು.

ಇದಕ್ಕೆ ಲಿಪಿ ಬೇಡ. ಸೇಲಂನ ಗುಗೈಯಲ್ಲೋ ಎಳಂಪಿಳ್ಳೆಯಲ್ಲೋ ಇರುವ ಮನೆಯವರೂ ದೊಡ್ಡಬಳ್ಳಾಪುರದ ನೆಂಟರೂ ಒಂದೇ ಗುಂಪಿನಲ್ಲಿ ಇರುವಂತಾದದ್ದು ಆಗಲೇ. ದೇವಾಂಗರ ಕುಲದೇವತೆ ಚೌಡೇಶ್ವರಿ. ತಮಿಳಿನಲ್ಲಿ ಅವಳು ಸೌಡೇಶ್ವರಿ ಅಮ್ಮನ್. ಹಬ್ಬದ ಅಲಗು ಸೇವೆ ಯಾವ ದಿನ, ಗಾಯತ್ರಿ ಪೀಠದ ಗುರುಗಳು ಯಾವ ಊರಿಗೆ ಬರುತ್ತಾರೆ, ಯಾವ ಗೋತ್ರದ ಹುಡುಗನಿಗೆ ಹೆಣ್ಣು ನೋಡುತ್ತಿದ್ದಾರೆ ಎಂಬಂಥ ಮಾತು ಹಿಂದೆ ಮದುವೆ ಮನೆಗಳಲ್ಲಿ ಮಾತ್ರ ಹರಿಯುತ್ತಿತ್ತು. ಈಗ ದಿನವೂ ಗಡಿ ದಾಟುತ್ತದೆ. ಈ ಬಳಗ ಆರ್ಕುಟ್ ಕಾಲದ ಬಳಗಕ್ಕಿಂತ ಬೇರೆ ಥರದ್ದು. ಆಸಕ್ತಿಯ ಬದಲು ನೆಂಟಸ್ತನ, ಜಾತಿ, ಕಸುಬು ಇದರ ತಳಹದಿ. ಒಳಗೆ ಬರಲು ಯಾರಾದರೂ ಪರಿಚಯ ಹೇಳಬೇಕು. ಇದರಿಂದ ನಂಬಿಕೆ ಹೆಚ್ಚುತ್ತದೆ ಎಂಬುದು ನಿಜ. ಜಾತಿಯ ಗೋಡೆಗಳು ಇನ್ನಷ್ಟು ಎತ್ತರವಾಗುತ್ತವೆ ಎಂಬುದೂ ಅಷ್ಟೇ ನಿಜ, ಅದು ನನ್ನನ್ನು ಕಾಡುತ್ತದೆ. ಒಂದೇ ಬೀದಿಯ ದೇವಾಂಗರ ಮನೆಯೂ ಲಿಂಗಾಯತರ ಮನೆಯೂ ಕನ್ನಡವನ್ನೇ ಆಡಿದರೂ ಅವರ ಗುಂಪುಗಳು ಒಂದಕ್ಕೊಂದು ಕಾಣಿಸುವುದೇ ಇಲ್ಲ. ಕನ್ನಡದ ಹೆಸರಿನಲ್ಲಿ ಜನ ಸೇರುವ ಗುಂಪು ಈ ಜಿಲ್ಲೆಗಳಲ್ಲಿ ಅಪರೂಪ.

ಸೀರೆಯ ಗುಂಪುಗಳು

ಬಳಗ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ ಎಳಂಪಿಳ್ಳೆಗೆ ಬರಬೇಕು. ಸೇಲಂ ಪಕ್ಕದ ಈ ಊರು ಸೀರೆಗೆ ಹೆಸರುವಾಸಿ. ಇಲ್ಲಿನ ಸೀರೆ ಮೊದಲು ಸಗಟು ವ್ಯಾಪಾರಿಯ ಮೂಲಕ ಅಂಗಡಿಗೆ ಹೋಗುತ್ತಿತ್ತು. ಈಗ ಅದರ ದೊಡ್ಡ ಪಾಲು ಫೋನಿನಲ್ಲೇ ಮಾರಾಟವಾಗುತ್ತದೆ.

ಮಗ್ಗದ ಮಾಲೀಕರೋ ಸಗಟು ವ್ಯಾಪಾರಿಯೋ ಸೀರೆಗಳ ಫೋಟೊ ತೆಗೆದು, ಬೆಲೆ ಬರೆದು ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಗುಂಪಿನಲ್ಲಿರುವವರು ರೀಸೆಲ್ಲರ್‌ಗಳು, ಹೆಚ್ಚಿನವರು ಹೆಂಗಸರು. ಅವರು ಅದೇ ಫೋಟೊಗೆ ತಮ್ಮ ಲಾಭ ಸೇರಿಸಿದ ಬೆಲೆ ಹಾಕಿ ತಮ್ಮ ಗುಂಪುಗಳಿಗೆ ಕಳಿಸುತ್ತಾರೆ. ಆರ್ಡರ್ ಬಂದರೆ ಹಣ ಯುಪಿಐ ಮೂಲಕ ಬರುತ್ತದೆ, ಗಿರಾಕಿಯ ವಿಳಾಸ ಎಳಂಪಿಳ್ಳೆಗೆ ಹೋಗುತ್ತದೆ, ಅಲ್ಲಿಂದಲೇ ನೇರ ಕೊರಿಯರ್. ರೀಸೆಲ್ಲರ್ ಸೀರೆಯನ್ನು ಮುಟ್ಟುವುದೇ ಇಲ್ಲ, ಬಂಡವಾಳವನ್ನೂ ಹಾಕುವುದಿಲ್ಲ. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೊ ಇದೇ ಮಾದರಿಯ ಮೇಲೆ ಬೆಳೆದದ್ದು.

‘ಸಿಂಗಲ್ ಸಿಗುತ್ತದೆ’ (ಒಂದೇ ಸೀರೆಯನ್ನೂ ಕೊಳ್ಳಬಹುದು), ‘ಶಿಪ್ಪಿಂಗ್ ಎಕ್ಸ್‌ಟ್ರಾ’, ‘ಅನ್‌ಬಾಕ್ಸಿಂಗ್ ವಿಡಿಯೊ ಕಡ್ಡಾಯ’ ಎಂಬ ಮಾತುಗಳು ಈ ಲೋಕದ ಕಾನೂನು. ಪೊಟ್ಟಣ ಒಡೆಯುವ ಮೊದಲಿನಿಂದ ಎಡೆಬಿಡದೆ ತೆಗೆದ ವಿಡಿಯೊ ಇದ್ದರೆ ಮಾತ್ರ ಹಾಳಾದ ಸೀರೆ ಬದಲಿಸಿಕೊಡುತ್ತಾರೆ. ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಪ್ರತಿ ವ್ಯಾಪಾರಿಯೂ ಕೇಳುವುದಕ್ಕೂ ಕಾರಣವಿದೆ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಮ್ಮೆಗೆ 256 ಜನರನ್ನು ಸೇರಿಸಬಹುದು, ಆದರೆ ಕಳಿಸಿದವರ ನಂಬರ್ ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಉಳಿದವರಿಗೆ ಕಳಿಸಿದ್ದು ಕಾಣುವುದೇ ಇಲ್ಲ. ಗುಂಪಿನ ಮಿತಿ ಒಂದು ಕಾಲಕ್ಕೆ 256 ಇತ್ತು, 2022ರಲ್ಲಿ 1,024ಕ್ಕೆ ಏರಿತು. ಅಡ್ಮಿನ್ ಮಾತ್ರ ಸಂದೇಶ ಹಾಕಬಹುದೆಂಬ ಸೆಟ್ಟಿಂಗ್ 2018ರಲ್ಲಿ ಬಂತು. ಅಲ್ಲಿಗೆ ಎಷ್ಟೋ ಗುಂಪುಗಳು ಮಾತುಕತೆಯ ಜಾಗದಿಂದ ಪ್ರಕಟಣೆಯ ಹಲಗೆಗಳಾದವು.

ಭಾಷೆಯ ಹಂಚಿಕೆ ಇಲ್ಲಿ ಸ್ಪಷ್ಟ. ಫೋಟೊದ ಕೆಳಗಿನ ಬರಹ ತಮಿಳು ಮತ್ತು ಇಂಗ್ಲಿಷ್. ಯೂಟ್ಯೂಬಿನಲ್ಲಿ ಸೀರೆ ಬಿಚ್ಚಿ ತೋರಿಸುವ ವಿಡಿಯೊ ತಮಿಳಿನಲ್ಲಿ. ನೂಲಿನ ಬಾಕಿ, ಮುಂದಿನ ವಿನ್ಯಾಸ, ಕೂಲಿಯ ಮಾತು ಮನೆಯವರ ನಡುವೆ ಕನ್ನಡದ ಧ್ವನಿ ಸಂದೇಶವಾಗಿ ಹೋಗುತ್ತದೆ. ಅಂದರೆ ಜಗತ್ತಿಗೆ ಕಾಣುವ ಪದರದಲ್ಲಿ ಕನ್ನಡ ಇಲ್ಲ, ಒಳಗಿನ ಪದರದಲ್ಲಿ ದಿನವಿಡೀ ಇದೆ. ಕರ್ನಾಟಕದ ಗಿರಾಕಿಗೆ ಸೀರೆ ಮಾರುವಾಗ ಇದೇ ಕನ್ನಡ ಬಂಡವಾಳವಾಗುತ್ತದೆ. ದಾವಣಗೆರೆಯ ಗೃಹಿಣಿಗೆ ‘ಅಕ್ಕಾ, ಸೆರಗು ನೋಡಿ’ ಎಂದು ಕನ್ನಡದಲ್ಲೇ ದನಿ ಕಳಿಸಬಲ್ಲವರಿಗೆ ಇಂಗ್ಲಿಷ್ ಶೀರ್ಷಿಕೆ ಹಾಕುವವರಿಗಿಂತ ಹೆಚ್ಚು ಒಲವು ಸಿಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫೋಟೊ ಗುಂಪಿನಿಂದ ಗುಂಪಿಗೆ ದಾಟುವಷ್ಟೇ ವೇಗದಲ್ಲಿ ವಿನ್ಯಾಸವೂ ದಾಟುತ್ತದೆ. ಕೈಮಗ್ಗದಲ್ಲಿ ದಿನಗಟ್ಟಲೆ ನೇಯ್ದ ಸೀರೆಯ ಚಿತ್ರ ನೋಡಿ ಪವರ್‌ಲೂಮಿನಲ್ಲಿ ಅಗ್ಗದ ನಕಲು ಇಳಿಯುತ್ತದೆ. ಹೊಸ ವಿನ್ಯಾಸವನ್ನು ಮೊದಲು ಕೊಳ್ಳುವವರಿಗೆ ಮಾತ್ರ ತೋರಿಸಿ, ಸರಕು ಸಿದ್ಧವಾದ ಮೇಲೆ ದೊಡ್ಡ ಗುಂಪಿಗೆ ಬಿಡುವುದು ಸದ್ಯಕ್ಕೆ ನೇಕಾರರ ಕೈಯಲ್ಲಿರುವ ರಕ್ಷಣೆ.

ಫೀಡ್ ಯಾರನ್ನು ಯಾರೆಂದು ತಿಳಿಯುತ್ತದೆ

ಭಾರತ ಸರ್ಕಾರ 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲಿಗೆ ಬಂದವು. ಇವುಗಳಲ್ಲಿ ನೀವು ಯಾರನ್ನು ಬಲ್ಲಿರಿ ಎಂಬುದು ಮುಖ್ಯವಲ್ಲ; ಎಷ್ಟು ಹೊತ್ತು ನೋಡಿದಿರಿ ಎಂಬುದು ಮುಖ್ಯ. ಯಾವ ವಿಡಿಯೊವನ್ನು ಕೊನೆತನಕ ನೋಡಿದಿರಿ, ಯಾವುದನ್ನು ಸರಿಸಿದಿರಿ, ಫೋನಿನ ಭಾಷೆ ಯಾವುದು, ಯಾವ ಊರಿನಲ್ಲಿದ್ದೀರಿ ಎಂಬ ಸುಳಿವುಗಳಿಂದ ಯಂತ್ರ ಮುಂದಿನದನ್ನು ಆರಿಸುತ್ತದೆ. ಧರ್ಮಪುರಿಯಲ್ಲಿರುವ, ತಮಿಳು ಸೆಟ್ಟಿಂಗ್ ಇರುವ ಫೋನು ಅದರ ಲೆಕ್ಕದಲ್ಲಿ ತಮಿಳರ ಫೋನು. ಮನೆಯಲ್ಲಿ ಕನ್ನಡ ಆಡುತ್ತಾರೆಂದು ಅದಕ್ಕೆ ಯಾರೂ ಹೇಳಿಲ್ಲ.

ಹೇಳುವುದು ಕಷ್ಟವಲ್ಲ. ಗೂಗಲ್ ಖಾತೆಯ ಭಾಷಾ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಸೇರಿಸಬಹುದು. ತಮಿಳನ್ನು ಉಳಿಸಿಕೊಂಡೇ ಕನ್ನಡವನ್ನೂ ಸೇರಿಸಿ. ಮಲೆ ಮಹದೇಶ್ವರನ ಹಾಡನ್ನೋ ಕನ್ನಡ ಹಾಸ್ಯವನ್ನೋ ಹುಡುಕಿ ಕೊನೆತನಕ ನೋಡಿ. ಕೆಲವೇ ದಿನಗಳಲ್ಲಿ ಫೀಡಿನಲ್ಲಿ ಬರುವ ವಿಡಿಯೊಗಳ ಸಾಲು ಬದಲಾಗುತ್ತದೆ. ಮಾದಪ್ಪನ ಬೆಟ್ಟಕ್ಕೆ ಸೇಲಂ, ಧರ್ಮಪುರಿ ಕಡೆಯಿಂದ ಮೆಟ್ಟೂರು, ಪಾಲಾರ್ ದಾಟಿ ಹೋಗುವ ಭಕ್ತರು ಬಹಳ. ಅವರ ಫೋನುಗಳಿಗೆ ಕನ್ನಡ ಮೊದಲು ಬಂದದ್ದು ಎಷ್ಟೋ ಸಲ ಆ ಹಾಡುಗಳ ಜೊತೆಗೆ. ವಿಡಿಯೊ ಮಾಡುವವರು ಯೂಟ್ಯೂಬಿನಲ್ಲಿ ‘ವಿಡಿಯೊ ಭಾಷೆ’ ಎಂಬಲ್ಲಿ ಕನ್ನಡವನ್ನು ಆರಿಸಬೇಕು, ಶೀರ್ಷಿಕೆಯನ್ನು ಎರಡೂ ಲಿಪಿಗಳಲ್ಲಿ ಕೊಡಬೇಕು. ಮಾತು ಕನ್ನಡವಿದ್ದು ಶೀರ್ಷಿಕೆ ತಮಿಳು ಮಾತ್ರ ಇದ್ದರೆ ಅದು ಕನ್ನಡಿಗರ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ. ತಮಿಳರು ತೆರೆದು, ಅರ್ಥವಾಗದೆ ಬೇಗ ಮುಚ್ಚಿದರೆ ಯಂತ್ರ ಅದನ್ನು ಯಾರಿಗೂ ಬೇಡದ ವಿಡಿಯೊ ಎಂದು ತಿಳಿಯುತ್ತದೆ.

ಕಾವೇರಿ ಏರಿದಾಗ

ಈ ಎರಡು ಲೋಕಗಳು, ಮುಚ್ಚಿದ ಗುಂಪು ಮತ್ತು ತೆರೆದ ಫೀಡ್, ಒಂದನ್ನೊಂದು ಮುಟ್ಟುವುದು ಕಾವೇರಿಯ ವಿಷಯದಲ್ಲಿ. ಹೊಗೆನಕಲ್ಲು ಧರ್ಮಪುರಿ ಜಿಲ್ಲೆಯಲ್ಲಿದೆ. ಆಚೆ ದಡ ಚಾಮರಾಜನಗರ ಜಿಲ್ಲೆ. ಮಳೆಗಾಲದಲ್ಲಿ ಕರ್ನಾಟಕದ ಜಲಾಶಯಗಳಿಂದ ನೀರು ಬಿಟ್ಟಾಗ ಇಲ್ಲಿ ಹರಿಗೋಲು ಓಡಿಸುವುದನ್ನೂ ಸ್ನಾನವನ್ನೂ ಜಿಲ್ಲಾಡಳಿತ ನಿಲ್ಲಿಸುತ್ತದೆ. ಅಂಥ ದಿನಗಳಲ್ಲಿ ಪ್ರವಾಹದ ವಿಡಿಯೊಗಳು ಹರಿದಾಡುತ್ತವೆ, ಅವುಗಳಲ್ಲಿ ಎಷ್ಟೋ ಹಿಂದಿನ ವರ್ಷಗಳವು. 2018ರಲ್ಲೂ 2024ರಲ್ಲೂ ಭಾರಿ ನೀರು ಬಂದಿದ್ದರಿಂದ ಹಳೆಯ ದೃಶ್ಯಗಳ ದಾಸ್ತಾನು ದೊಡ್ಡದಿದೆ.

ಪರಿಶೀಲಿಸಲು ಒಂದು ನೆಲೆ ಇದೆ: ಬಿಳಿಗುಂಡ್ಲು. ರಾಜ್ಯಗಳ ಗಡಿಯಲ್ಲಿ ಕೇಂದ್ರ ಜಲ ಆಯೋಗ ನೀರು ಅಳೆಯುವ ಜಾಗ ಅದು. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರನ್ನು ಬಿಳಿಗುಂಡ್ಲುವಿನಲ್ಲಿ ಕೊಡಬೇಕೆಂದು ಹೇಳಿದ್ದರಿಂದ ಅಲ್ಲಿನ ಅಂಕಿ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ವಿಡಿಯೊದಲ್ಲಿ ಬಂಡೆಗಳೆಲ್ಲ ಮುಳುಗಿ ಬಿಳಿಗುಂಡ್ಲುವಿನ ಅಂಕಿ ಕೆಲವೇ ಸಾವಿರ ಕ್ಯುಸೆಕ್ ಇದ್ದರೆ ಆ ವಿಡಿಯೊ ಇವತ್ತಿನದಲ್ಲ. ಮೆಟ್ಟೂರು ಅಣೆಯ ಮಟ್ಟವನ್ನೂ ನೋಡಬಹುದು. ಪೂರ್ಣ ಮಟ್ಟ 120 ಅಡಿ, ಪ್ರತಿದಿನದ ಲೆಕ್ಕ ಸುದ್ದಿಯಲ್ಲಿರುತ್ತದೆ.

ವಾಟ್ಸ್‌ಆ್ಯಪ್ ತನ್ನ ಕಡೆಯಿಂದ ಮಾಡಿದ್ದು ಇಷ್ಟು. 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಕಟ್ಟಿಹಾಕಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದು ಎರಡು ಬಾಣದ ಗುರುತು ಹೊತ್ತ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಸಂದೇಶದ ಒಳಗಿನ ಗುಟ್ಟನ್ನು ಓದದೆಯೇ ಎಷ್ಟು ಸಲ ದಾಟಿತು ಎಂಬ ಎಣಿಕೆ ಸಂದೇಶದ ಜೊತೆಯಲ್ಲೇ ಸಾಗುತ್ತದೆ. ಆದರೆ ಯಾರಾದರೂ ವಿಡಿಯೊವನ್ನು ಗ್ಯಾಲರಿಯಿಂದ ತೆಗೆದು ಹೊಸದಾಗಿ ಕಳಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಬಾಣದ ಗುರುತಿಲ್ಲ ಎಂದಮಾತ್ರಕ್ಕೆ ಕಳಿಸಿದವರೇ ತೆಗೆದ ವಿಡಿಯೊ ಎಂದು ನಂಬಬಾರದು.

2016ರ ಸೆಪ್ಟೆಂಬರ್‌ನ ಕಾವೇರಿ ಗಲಭೆ ನೆನಪಿರುವವರಿಗೆ ಇದು ಸಣ್ಣ ಮಾತಲ್ಲ. ಫೇಸ್‌ಬುಕ್ ಪೋಸ್ಟಿನ ಕಾರಣಕ್ಕೆ ಬೆಂಗಳೂರಿನಲ್ಲಿ ತಮಿಳು ಯುವಕನೊಬ್ಬನನ್ನು ಹೊಡೆದ ವಿಡಿಯೊ ಹಬ್ಬಿತು. ರಾಮೇಶ್ವರದಲ್ಲಿ ಕರ್ನಾಟಕದ ವಾಹನ ಚಾಲಕನನ್ನು ಹೊಡೆದ ವಿಡಿಯೊ ಹಬ್ಬಿತು. 12ರಂದು ಬೆಂಗಳೂರಿನಲ್ಲಿ ಸುಟ್ಟುಹೋದ ಹತ್ತಾರು ಬಸ್ಸುಗಳು ಕೆಪಿಎನ್ ಸಂಸ್ಥೆಯವು, ಅದರ ಮೂಲ ಊರು ಸೇಲಂ. 2025ರ ಮೇ ತಿಂಗಳಲ್ಲಿ ಚೆನ್ನೈನ ಕಾರ್ಯಕ್ರಮವೊಂದರಲ್ಲಿ ಕಮಲ್ ಹಾಸನ್ ಕನ್ನಡದ ಹುಟ್ಟಿನ ಬಗ್ಗೆ ಆಡಿದ ಮಾತಿನ ತುಣುಕು ಹಬ್ಬಿದಾಗಲೂ ಎರಡೂ ಕಡೆಯ ಮೀಮ್‌ಗಳು ವಾರಗಟ್ಟಲೆ ಕಾದಾಡಿದವು. ಸಿಟ್ಟು ಜನರನ್ನು ತೆರೆಯ ಮುಂದೆ ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ಫೀಡ್ ಅದನ್ನು ಹೆಚ್ಚು ಜನರಿಗೆ ಬಡಿಸುತ್ತದೆ. ಸೇಲಂನ ಕನ್ನಡ ಮನೆಯವರಿಗೆ ಎರಡೂ ಕಡೆಯ ಬೈಗುಳ ತಲುಪುತ್ತದೆ ಮತ್ತು ಎರಡೂ ಅರ್ಥವಾಗುತ್ತದೆ. ಸುಳ್ಳನ್ನು ಎರಡು ಭಾಷೆಗಳಲ್ಲೂ ಗುರುತಿಸಬಲ್ಲವರು ಇವರೇ. ತಮಿಳು ಪತ್ರಿಕೆ ಓದಿ, ಬೆಂಗಳೂರಿನ ನೆಂಟರನ್ನು ಕನ್ನಡದಲ್ಲಿ ಕೇಳಿ, ‘ಇಲ್ಲಿ ಹಾಗೇನೂ ಆಗಿಲ್ಲಣ್ಣಾ’ ಎಂದು ಗುಂಪಿಗೆ ಒಂದು ದನಿ ಹಾಕುವ ಮನುಷ್ಯನ ಬೆಲೆ ದೊಡ್ಡದು.

ಅಡ್ಮಿನ್ ಆಗಲು ಹೆದರುವವರಿಗೆ ಒಂದು ಮಾಹಿತಿ: ಬೇರೆಯವರು ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಹೊಣೆ ಹೊರಿಸಲಾಗದು ಎಂದು ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ 2021ರಲ್ಲೂ ಕೇರಳ ಹೈಕೋರ್ಟ್ 2022ರಲ್ಲೂ ಹೇಳಿವೆ.

ಮಾತು ಎಲ್ಲಿ ಉಳಿಯುತ್ತದೆ

ವಾಟ್ಸ್‌ಆ್ಯಪ್ ಸಂದೇಶ ತಲುಪಿದೊಡನೆ ಕಂಪನಿಯ ಸರ್ವರಿನಿಂದ ಅಳಿದುಹೋಗುತ್ತದೆ. ತಲುಪದಿದ್ದರೆ 30 ದಿನ ಕಾದು ಅಳಿಯುತ್ತದೆ. ಹಾಗಾಗಿ ಗುಂಪಿನ ನೆನಪು ಎಂದರೆ ಸದಸ್ಯರ ಫೋನುಗಳು ಮಾತ್ರ. ಫೋನು ಒಡೆದರೆ, ಕಳುವಾದರೆ, ಜಾಗ ಸಾಲದೆ ಮೊಮ್ಮಗ ಎಲ್ಲವನ್ನೂ ಅಳಿಸಿದರೆ ಅಜ್ಜಿ ಹಾಡಿದ ಸೋಬಾನೆಯೂ ಹೋಯಿತು. ಆಂಡ್ರಾಯ್ಡ್ ಫೋನುಗಳ ಬ್ಯಾಕಪ್ 2024ರಿಂದ ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಬಿದ್ದಿದೆ, ಅದು ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ದನಿಯನ್ನು ಬರಹವಾಗಿ ತೋರಿಸುವ ಸೌಲಭ್ಯವನ್ನು ವಾಟ್ಸ್‌ಆ್ಯಪ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದಾಗ ಅದರ ಮೊದಲ ಭಾಷೆಗಳಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಹಳೆಯ ಧ್ವನಿ ಸಂದೇಶದಲ್ಲಿ ಏನಿತ್ತೆಂದು ಪದ ಹಾಕಿ ಹುಡುಕುವುದೂ ಕಷ್ಟ.

ಇದು ನಷ್ಟವೆಂದು ನಾನು ಒತ್ತಿ ಹೇಳಲು ಕಾರಣವಿದೆ. 1894ರಿಂದ 1928ರವರೆಗೆ ನಡೆದ ಗ್ರಿಯರ್ಸನ್‌ನ ಭಾರತೀಯ ಭಾಷಾ ಸಮೀಕ್ಷೆ ಮದ್ರಾಸ್ ಪ್ರಾಂತ್ಯವನ್ನು ತನ್ನ ಕ್ಷೇತ್ರದಿಂದ ಹೊರಗೆ ಬಿಟ್ಟಿತು. ಅಂದಿನ ಸೇಲಂ ಜಿಲ್ಲೆ ಆ ಪ್ರಾಂತ್ಯದೊಳಗೇ ಇತ್ತು. ಇಲ್ಲಿನ ಆಡುಗನ್ನಡ ಆಗ ದಾಖಲಾಗಲಿಲ್ಲ. ಈಗ ಅದು ಪ್ರತಿದಿನ ಸಾವಿರಾರು ಫೋನುಗಳಲ್ಲಿ ದಾಖಲಾಗುತ್ತಿದೆ, ಸಂಜೆಗೆ ಅಳಿಯುತ್ತಿದೆ. ಯಂತ್ರಗಳು ಕಲಿಯುವುದೂ ದಾಖಲಾಗಿ ಉಳಿದ ಮಾತಿನಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುವ ‘ವಾಣಿ’ ಯೋಜನೆ ಮಾತಿನ ಮಾದರಿಗಳನ್ನು ಭಾಷೆವಾರು ಸಂಗ್ರಹಿಸದೆ ಜಿಲ್ಲೆವಾರು ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ. ಈ ಕ್ರಮ ಗಡಿ ಜಿಲ್ಲೆಗಳಿಗೆ ಹೆಚ್ಚು ನ್ಯಾಯ ಕೊಡಬಲ್ಲದು, ಏಕೆಂದರೆ ಧರ್ಮಪುರಿ ಎಂದರೆ ತಮಿಳು ಎಂಬ ಎಣಿಕೆಯಿಂದ ಅದು ಶುರುವಾಗುವುದಿಲ್ಲ.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಬೇಕಾದ ಧ್ವನಿ ಸಂದೇಶವನ್ನು ಒತ್ತಿ ಹಿಡಿದು ‘ಶೇರ್’ ಮೂಲಕ ಡ್ರೈವ್‌ಗೋ ಇಮೇಲ್‌ಗೋ ಕಳಿಸಿ. ಆ ಕಡತದ ಹೆಸರು ಪಿಟಿಟಿ ಎಂದು ಶುರುವಾಗಿ ಒಂದು ದಿನಾಂಕ ಹೊತ್ತಿರುತ್ತದೆ; ಅದರಿಂದ ಯಾರಿಗೂ ಏನೂ ತಿಳಿಯದು. ಹೆಸರು ಬದಲಿಸಿ, ಯಾರ ದನಿ, ಯಾವ ಊರು, ಯಾವ ವರ್ಷ, ಏನು ಹಾಡು ಎಂದು ಬರೆಯಿರಿ. ತಮಿಳಿನಲ್ಲಿ ಬರೆದರೂ ಸರಿ. ಹಾಡು, ಗಾದೆ, ಮಗ್ಗದ ಭಾಗಗಳ ಹೆಸರು, ಅಡುಗೆಯ ಮಾತು ಮೊದಲು ಉಳಿಸಬೇಕಾದವು. ಊರಿನವರು ಕೇಳಲಿ ಎನ್ನುವುದಾದರೆ ಇಂಟರ್ನೆಟ್ ಆರ್ಕೈವ್‌ಗೋ ವಿಕಿಮೀಡಿಯ ಕಾಮನ್ಸ್‌ಗೋ ಏರಿಸಬಹುದು. ಎರಡೂ ಉಚಿತ, ಲಿಪಿ ಬರದವರೂ ಏರಿಸಬಹುದು. ಏರಿಸುವ ಮುಂಚೆ ಹಾಡಿದವರನ್ನು ಕೇಳಿ, ಅವರ ಒಪ್ಪಿಗೆಯ ಮಾತನ್ನೂ ಅದೇ ದಾಖಲೆಯ ಮೊದಲಲ್ಲಿ ಸೇರಿಸಿ. ಮದುವೆ ಸಂಬಂಧ, ಹಣದ ವ್ಯವಹಾರ, ಕಾಯಿಲೆಯ ಮಾತು ಎಷ್ಟೇ ಒಳ್ಳೆಯ ಕನ್ನಡದಲ್ಲಿದ್ದರೂ ಮನೆಯಿಂದ ಹೊರಗೆ ಹೋಗಬಾರದು.

ಕರ್ನಾಟಕದಲ್ಲಿರುವ ನೆಂಟರಿಗೂ ಒಂದು ಕೆಲಸವಿದೆ. ಸೇಲಂ, ಧರ್ಮಪುರಿಯವರು ಇರುವ ಗುಂಪಿನಲ್ಲಿ ಕನ್ನಡ ಅಕ್ಷರದ ಆಹ್ವಾನಪತ್ರಿಕೆಯ ಚಿತ್ರವನ್ನು ಮಾತ್ರ ಹಾಕಿ ಸುಮ್ಮನಾಗಬೇಡಿ. ಅದರ ಜೊತೆಗೆ ದಿನಾಂಕ, ಲಗ್ನದ ಹೊತ್ತು, ಛತ್ರದ ಹೆಸರು, ಬಸ್ಸು ಇಳಿಯಬೇಕಾದ ಜಾಗ ಇಷ್ಟನ್ನೂ ಅರ್ಧ ನಿಮಿಷದ ದನಿಯಲ್ಲಿ ಹೇಳಿ ಕಳಿಸಿ.